ಬೆಚ್ಚಗೆ ಅಂದರೆ ಬಿಸಿಯಲ್ಲ

೩ ಜೂನ್

ಪ್ರೀತಿಯ ಕಾನ್ವೆಂಟಮ್ಮನಿಗೆ,

ನೀನು ಆನ್‌ಲೈನ್‌ನಲ್ಲಿ ತರಿಸಿ ಕಳಿಸಿದ ಎರಡು ಬ್ಯಾಟರಿಗಳಲ್ಲಿ ಒಂದು ಭಾನುವಾರ ಹೊಟ್ಟೆ ಉಬ್ಬರಿಸಿಕೊಂಡು, ಹೊಗೆ ಬಿಟ್ಟು ಸತ್ತಿತು. ಯಾರಿಗೂ ಏನೂ ಆಗಿಲ್ಲ. ಕಿಟಕಿಯ ಪರದೆಗೆ ಮಸಿ ಹಿಡಿದಿದೆ, ಅಷ್ಟೇ. ಫೋನ್ ಮಾಡಬೇಡ. ನಾನು ಫೋನಿನಲ್ಲಿ ಆಡುವ ಮಾತಿಗೆಲ್ಲ ಮಗರಾಯ ಕಿವಿ ಕೊಟ್ಟಿರುತ್ತಾನೆ. ಈಗಂತೂ ನಾನು ಕೆಮ್ಮಿದರೂ ಬಂದು ಇಣುಕುತ್ತಾನೆ. ಅದಕ್ಕೇ ಈ ಕಾಗದ.

ನಡೆದದ್ದು ಇಷ್ಟು. ಅಡುಗೆಮನೆ ಪಕ್ಕದ ಸಣ್ಣ ಕೋಣೆ ನಿನಗೆ ಗೊತ್ತಲ್ಲ, ನಾನು ರಿಮೋಟಿನ ಪುಟ್ಟ ದೋಣಿಗಳನ್ನು ಮಾಡುವ ಕೋಣೆ. ಬ್ಯಾಟರಿಯನ್ನು ನಾನು ಯಾವತ್ತೂ ಮೇಜಿನ ಮೇಲಿಟ್ಟು ಚಾರ್ಜ್ ಮಾಡಿದವಳಲ್ಲ. ಮಣ್ಣಿನ ಹೂಕುಂಡದಲ್ಲಿ ಮರಳು ಹಾಸಿ, ಅದರೊಳಗೆ ಇಟ್ಟು, ಪಕ್ಕದಲ್ಲಿ ಇನ್ನೊಂದು ಡಬ್ಬ ಮರಳು ಇಟ್ಟುಕೊಂಡೇ ಕೂರುವುದು. ಅವತ್ತೂ ಹಾಗೇ. ಅದು ಉಬ್ಬಿದ್ದು ಕಂಡ ಕೂಡಲೇ ಪ್ಲಗ್ ಕಿತ್ತು ಮರಳು ಸುರಿದೆ. ಹೊಗೆ ಬಂತು, ಬೆಂಕಿ ಬರಲಿಲ್ಲ.

ಮಗ ಓಡಿಬಂದ. ವಿಮಾ ಕಂಪನಿಯಲ್ಲಿ ಕ್ಲೇಮ್ ಪರಿಶೀಲಿಸುವ ಸಾಹೇಬರಲ್ಲವೇ, ಅಲ್ಲೇ ವಿಚಾರಣೆ ಶುರು.

"ಅಮ್ಮ, ಕುಂಡದೊಳಗೆ ಇಟ್ಟಿದ್ದೆ ಅಂದ್ರೆ ಅಪಾಯ ಅಂತ ನಿಂಗೆ ಮೊದಲೇ ಗೊತ್ತಿತ್ತು."

"ಗೊತ್ತಿದ್ದಕ್ಕೇ ಕಣೋ ಕುಂಡದೊಳಗೆ ಇಟ್ಟಿದ್ದು."

"ಅದನ್ನೇ ನಾನೂ ಹೇಳ್ತಿರೋದು!"

ಈ ತರ್ಕಕ್ಕೆ ಏನು ಹೇಳುತ್ತೀ? ಹೆಲ್ಮೆಟ್ ಹಾಕಿಕೊಂಡು ಹೋದವನು ಬೀಳಲೆಂದೇ ಹೋಗಿದ್ದ ಅಂದ ಹಾಗೆ. ಕೋಣೆಗೆ ಬೀಗ ಬಿದ್ದಿದೆ. ಬೀಗದ ಕೈ ಅವನ ಜೇಬಿನಲ್ಲಿದೆ. "ಬ್ಯಾಟರಿಯದೇ ದೋಷ ಅಂತ ಅಂಗಡಿಯವರು ಬರೆದುಕೊಡ್ಲಿ, ಆವಾಗ ಕೊಡ್ತೀನಿ" ಅಂತ ತೀರ್ಪಾಗಿದೆ. ವಾರ್ಡಿನಲ್ಲಿ, ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ತಲೆ ನರೆಸಿಕೊಂಡವಳು ನಾನು. ನನ್ನ ಕೈಯಿಂದ ಒಂದು ಹತ್ತಿ ಉಂಡೆಯ ಲೆಕ್ಕವೂ ತಪ್ಪಿದ್ದಿಲ್ಲ. ಇವನಿಗೆ ಈಗ ನಾನು ಸ್ಟವ್ ಆರಿಸಲು ಮರೆಯುವ ಮುದುಕಿ.

ಕೊಂಡವಳು ನೀನು, ಬಿಲ್ಲು ನಿನ್ನ ಹೆಸರಿನಲ್ಲಿದೆ. ಇಂಗ್ಲಿಷಿನಲ್ಲಿ ಜಗಳವಾಡಲು ಬರುವುದೂ ನಿನಗೇ. ಅವರಿಗೆ ಬರೆ. ವಾರ್ಡಿನ ಅಭ್ಯಾಸದಂತೆ ನಾನು ಬರೆದಿಟ್ಟದ್ದು ಹೀಗಿದೆ:

ಮೊದಲ ಸಲ: ಚಾರ್ಜ್ ಸರಿಯಾಗಿ ಆಯಿತು. ಕೊಳದಲ್ಲಿ ದೋಣಿ ಚೆನ್ನಾಗಿ ಓಡಿತು.
ಎರಡನೇ ಸಲ: ಓಡಿಸಿ ತೆಗೆದಾಗ ಮೈ ಬೆಚ್ಚಗಿತ್ತು. ಆರಿದ ಮೇಲೆ ಎತ್ತಿಟ್ಟೆ.
ಮೂರನೇ ಸಲ: ಚಾರ್ಜ್ ಆಗುವಾಗಲೇ ಉಬ್ಬಿತು. ಪ್ಲಗ್ ಕಿತ್ತೆ. ಮರಳು. ಹೊಗೆ.

ನಿನ್ನ ಅತ್ತಿಗೆ


೧೦ ಜೂನ್

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದ ಓದಿ ಮೈಯೆಲ್ಲ ಉರಿದುಹೋಯಿತು. ನಿಮ್ಮ ಹುಟ್ಟುಹಬ್ಬಕ್ಕೆಂದು ನಾನೇ ಹುಡುಕಿ, ಕೊಂಡವರು ಕೊಟ್ಟ ನಕ್ಷತ್ರಗಳನ್ನೆಲ್ಲ ನೋಡಿ, ಜನರ ಅಭಿಪ್ರಾಯಗಳನ್ನು ಓದಿ ಆರಿಸಿದ ಬ್ಯಾಟರಿ. "ನಂಬಿಕೆಯ ಶಕ್ತಿ" ಎಂದು ಡಬ್ಬದ ಮೇಲೆ ಅಚ್ಚು ಹಾಕಿದ್ದರು. ಅಂಥ ಮಾತು ಅಚ್ಚು ಹಾಕುವವರನ್ನು ನಂಬಬಾರದೆಂದು, ಪಠ್ಯಪುಸ್ತಕಗಳ ಕರಡು ತಿದ್ದಿ ಹೊಟ್ಟೆ ಹೊರೆಯುವ ನನಗಾದರೂ ಹೊಳೆಯಬೇಕಿತ್ತು.

ಅವತ್ತೇ ದೂರು ಬರೆದೆ. ನಿಮ್ಮ ಮೂರು ಸಾಲನ್ನು ಇಂಗ್ಲಿಷಿಗೆ ತಿರುಗಿಸಿ ಸೇರಿಸಿದೆ. ಇಷ್ಟು ಅಚ್ಚುಕಟ್ಟಾದ ದಾಖಲೆ ಯಾವ ಗ್ರಾಹಕರು ಕೊಡುತ್ತಾರೆ? ವಾರಂಟಿಯ ಅವಧಿಯೂ ಮುಗಿದಿಲ್ಲ. ಅವರಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ.

ಅಣ್ಣನ ಮಗನ ಮೇಲೆ ತೀರ ಸಿಟ್ಟಾಗಬೇಡಿ. ಹೆದರಿದ್ದಾನೆ. ಹೆದರಿದವರು ಬೀಗ ಹಾಕುತ್ತಾರೆ. ಹೀಗೆ ಬರೆದ ಮೇಲೆ, ನಾನು ಯಾರ ಪರವಾಗಿ ಮಾತನಾಡುತ್ತಿದ್ದೇನೆ ಎಂದು ನನಗೇ ಅನುಮಾನ ಬಂತು. ನಿಮ್ಮ ಪರವೇ, ಅತ್ತಿಗೆ.

ನಿಮ್ಮ ನಾದಿನಿ


೨೪ ಜೂನ್

ಅತ್ತಿಗೆ,

ಕಂಪನಿಯಿಂದ ಉತ್ತರ ಬಂದಿದೆ. ಮೊದಲ ಸಾಲಿನಲ್ಲಿ ನಮ್ಮ "ಅನುಭವ"ಕ್ಕೆ ವಿಷಾದ, ಎರಡನೆಯದರಲ್ಲಿ ನಮ್ಮ "ತಾಳ್ಮೆ"ಗೆ ಧನ್ಯವಾದ. ನಾನು ತಾಳ್ಮೆ ತೋರಿಸಿದ್ದೆಲ್ಲಿ? ಸತ್ತ ಬ್ಯಾಟರಿಯನ್ನು ಕೊರಿಯರ್ ಮೂಲಕ ವಾಪಸ್ ಕಳಿಸಬೇಕಂತೆ, ಪರೀಕ್ಷಿಸಿದ ಮೇಲಷ್ಟೇ ತೀರ್ಮಾನವಂತೆ. ವಿಳಾಸ ಹಿಂಬದಿಯಲ್ಲಿ ಬರೆದಿದ್ದೇನೆ. ದಯವಿಟ್ಟು ಕಳಿಸಿಬಿಡಿ.

ನಾದಿನಿ


೧ ಜುಲೈ

ಕಾನ್ವೆಂಟಮ್ಮ,

ತಾರಸಿಯ ಮೇಲೆ ಮರಳಿನ ಕುಂಡದಲ್ಲಿ ಮಲಗಿಸಿದ್ದ ಹೆಣವನ್ನು ಎತ್ತಿಕೊಂಡು ಕೊರಿಯರ್ ಆಫೀಸಿಗೆ ಹೋದೆ. ಕೌಂಟರಿನಲ್ಲಿ ಉಗುರಿಗೆ ನೀಲಿ ಬಣ್ಣ ಹಚ್ಚಿದ ಹುಡುಗಿ.

"ಒಳಗೇನಿದೆ ಆಂಟಿ?"

"ಬ್ಯಾಟರಿ."

"ಚೆನ್ನಾಗಿದೆಯಾ?"

"ಚೆನ್ನಾಗಿದ್ರೆ ಯಾಕಮ್ಮ ವಾಪಸ್ ಕಳಿಸ್ತಿದ್ದೆ?"

"ಹಾಗಾದ್ರೆ ತಗೊಳ್ಳಲ್ಲ. ಉಬ್ಬಿರೋ ಬ್ಯಾಟರಿ ವ್ಯಾನಲ್ಲಿ ಹಾಕೋ ಹಾಗಿಲ್ಲ, ರೂಲ್ಸು. ಚೆನ್ನಾಗಿರೋದಿದ್ರೆ ಕೊಡಿ."

"ಚೆನ್ನಾಗಿರೋದನ್ನ ವಾಪಸ್ ಕಳಿಸೋಕೆ ನಂಗೇನು ತಲೆ ಕೆಟ್ಟಿದ್ಯಾ?"

"ಅದು ನಂಗೆ ಗೊತ್ತಿಲ್ಲ ಆಂಟಿ."

ನನ್ನ ಹಿಂದೆ ನಿಂತಿದ್ದ ಒಬ್ಬ ದಪ್ಪ ಆಸಾಮಿ ಪರೋಪಕಾರಕ್ಕೆ ಇಳಿದ. "ಆಟದ ಸಾಮಾನು ಅಂತ ಬರೆದು ಹಾಕಿಬಿಡಿ ಅಮ್ಮ, ಯಾರು ಬಿಚ್ಚಿ ನೋಡ್ತಾರೆ?"

"ಆ ವ್ಯಾನ್ ಓಡ್ಸೋನು ನಿಮ್ಮ ಮಗ ಆಗಿದ್ರೆ ಹೀಗೇ ಹೇಳ್ತಿದ್ರಾ?" ಅಂದೆ. ಅವನು ಮೊಬೈಲು ನೋಡತೊಡಗಿದ.

ಅಂದರೆ, ವಾಪಸ್ ಕಳಿಸದೆ ಅವರು ದೋಷ ಒಪ್ಪುವುದಿಲ್ಲ. ದೋಷ ಇರುವುದನ್ನು ಇವರು ಕಳಿಸುವುದಿಲ್ಲ. ಇಂಥ ಗಂಟು ಹಾಕಲು ಎಷ್ಟು ಜನ ಕೂತು ಎಷ್ಟು ಟೀ ಕುಡಿದಿರಬೇಕು! ಹೆಣ ಮತ್ತೆ ತಾರಸಿಗೆ ಹೋಯಿತು. ನೀನು ಅವರಿಗೆ ಫೋಟೊ ಕಳಿಸು. ನಾಲ್ಕೂ ಕಡೆಯಿಂದ ತೆಗೆದಿದ್ದೇನೆ.

ಕೊಳದ ಹತ್ತಿರ ಬರುವ ಉಳಿದ ದೋಣಿಯವರು "ಅಮ್ಮ ಯಾಕೆ ಕಾಣ್ತಿಲ್ಲ?" ಅಂತ ಸೊಸೆಯ ಹತ್ತಿರ ಕೇಳಿದರಂತೆ. "ಅತ್ತೆಗೆ ಸ್ವಲ್ಪ ರೆಸ್ಟು" ಅಂದಳಂತೆ. ನಾನೇನು ಹೆತ್ತಿದ್ದೀನಾ ರೆಸ್ಟು ತೆಗೆದುಕೊಳ್ಳಲು? ಅರ್ಧ ಬಣ್ಣ ಹಚ್ಚಿದ ದೋಣಿ ಆ ಕೋಣೆಯಲ್ಲಿ ಒಣಗುತ್ತಾ ಬಿದ್ದಿದೆ. ಅದು ನಿನ್ನ ಅಣ್ಣನ ನೆನಪಿಗೆ ಮಾಡುತ್ತಿರುವುದಲ್ಲ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಅವರಿಗೆ ನೀರೆಂದರೇ ಆಗುತ್ತಿರಲಿಲ್ಲ. ಈ ಹುಚ್ಚು ಪೂರ್ತಿ ನನ್ನದೇ. ಅದಕ್ಕೇ ಇಷ್ಟು ಹೊಟ್ಟೆ ಉರಿಯುತ್ತಿರುವುದು.

ಅತ್ತಿಗೆ


೧೭ ಜುಲೈ

ಪ್ರೀತಿಯ ಅತ್ತಿಗೆ,

ಒಳ್ಳೆಯ ಸುದ್ದಿಯಲ್ಲ. ಫೋಟೊ ನೋಡಿ ದೂರು ತಳ್ಳಿಹಾಕಿದ್ದಾರೆ. ಅವರ ಸಾಲುಗಳನ್ನು ಹಾಗೇ ಕನ್ನಡದಲ್ಲಿ ಕೊಡುತ್ತೇನೆ: "ಎರಡನೆಯ ಬಳಕೆಯಲ್ಲೇ ಬ್ಯಾಟರಿ ಬಿಸಿಯಾಗಿದ್ದನ್ನು ಗ್ರಾಹಕರು ಗಮನಿಸಿದ್ದಾರೆ. ಗಮನಿಸಿಯೂ ಮತ್ತೆ ಚಾರ್ಜ್ ಮಾಡಿದ್ದಾರೆ. ಇದು ದುರ್ಬಳಕೆ. ವಾರಂಟಿ ಅನ್ವಯಿಸುವುದಿಲ್ಲ."

ಎಂಥ ನಾಚಿಕೆಗೇಡು ನೋಡಿ! ಬರೆದಿಡದೆ ಇದ್ದಿದ್ದರೆ ಮಾಹಿತಿ ಇಲ್ಲ ಎನ್ನುತ್ತಿದ್ದರು. ಬರೆದಿಟ್ಟರೆ ಅದನ್ನೇ ಸಾಕ್ಷಿಯಾಗಿ ತಿರುಗಿಸುತ್ತಾರೆ. ಮೇಲ್ಮನವಿ ಹಾಕುತ್ತೇನೆ, ಬಿಡುವುದಿಲ್ಲ. ಎಲ್ಲ ಸಿಟ್ಟನ್ನೂ ಒಟ್ಟುಮಾಡಿ ಎರಡು ಪುಟ ಬರೆದೆ. ಬರೆಯುವಾಗ ಒಂದು ರೀತಿಯ ಖುಷಿಯೂ ಆಯಿತು ಎಂದರೆ ತಪ್ಪು ತಿಳಿಯಬೇಡಿ.

ಮೇಲ್ಮನವಿ ಗಟ್ಟಿಯಾಗಿರಲಿ ಎಂದಷ್ಟೇ ಕೇಳುತ್ತೇನೆ: ಚಾರ್ಜ್ ಆಗುತ್ತಿದ್ದ ಅಷ್ಟೂ ಹೊತ್ತು ನೀವು ಕೋಣೆಯಲ್ಲೇ ಇದ್ದಿರಿ ತಾನೇ? ಮಧ್ಯೆ ಒಂದು ಗಳಿಗೆ ಎದ್ದು ಹೋಗಿದ್ದರೂ ಪರವಾಗಿಲ್ಲ. ಯಾರಿಗಾದರೂ ಆಗುವಂಥದ್ದೇ.

ನಾದಿನಿ


೨೧ ಜುಲೈ

ಈ ಪ್ರಶ್ನೆ ನಿನ್ನದಲ್ಲ. ಇದು ನನ್ನ ಮಗನ ಬಾಯಿ.

ಅಂಗಡಿಯವರು ಆಗುವುದಿಲ್ಲವೆಂದ ಸುದ್ದಿ ನಿನ್ನ ಕಾಗದಕ್ಕಿಂತ ಮೊದಲೇ ನಮ್ಮ ಊಟದ ಮೇಜಿಗೆ ಬಂದು ಕೂತಿತ್ತು. "ಕಂಪನಿಯವರೂ ನಿಂದೇ ತಪ್ಪು ಅಂದಿದಾರಂತಲ್ಲಮ್ಮ" ಅಂತ ಅನ್ನ ಕಲಸುತ್ತಾ ಹೇಳಿದ. ಅವನಿಗೆ ಯಾರು ಹೇಳಿದರು? ನೀವಿಬ್ಬರೂ ನನ್ನ ಬೆನ್ನ ಹಿಂದೆ ಎಷ್ಟು ದಿನದಿಂದ ಮಾತನಾಡುತ್ತಿದ್ದೀರಿ?

ಕೇಳು. ಎದ್ದಿದ್ದೆ. ಹೊಸ್ತಿಲವರೆಗೆ ಹೋಗಿದ್ದೆ. "ಅಮ್ಮಾ, ಇಸ್ತ್ರಿಪೆಟ್ಟಿಗೆ ಎಲ್ಲಿ?" ಅಂತ ಅವನೇ ಕೂಗಿದ. "ಎಲ್ಲಿಟ್ಟಿದ್ದೀಯೋ ಅಲ್ಲೇ" ಅಂತ ಹೊಸ್ತಿಲಲ್ಲಿ ನಿಂತು ಹೇಳಿ ಹಿಂದಿರುಗಿದೆ. ಬ್ಯಾಟರಿ ನನ್ನ ಕಣ್ಣಳತೆಯಲ್ಲೇ ಇತ್ತು. ಹಿಂದಿರುಗಿದಾಗ ಉಬ್ಬಿತ್ತು. ಮೊದಲ ಕಾಗದದಲ್ಲಿ ಇದನ್ನು ಬರೆಯಲಿಲ್ಲ. ಬರೆದರೆ ಅವನ ಮೇಲೆ ಹೊರಿಸಿದ ಹಾಗಾಗುತ್ತದೆ ಅಂತ. ಅವನು ಮಾತ್ರ "ಅಮ್ಮ ಕೋಣೆಯಲ್ಲೇ ಇರ್ಲಿಲ್ಲ" ಅಂತ ನಿನಗೆ ಹೇಳಿದ, ಯಾಕೆ ಇರಲಿಲ್ಲ ಅಂತ ಹೇಳಲಿಲ್ಲ. ಅಲ್ಲವೇ?

ಇನ್ನೊಂದು ವಿಷಯ. ಅವರು "ಬಿಸಿ" ಅಂತ ಬರೆದಿದ್ದಾರೆ. ನಾನು ಎಲ್ಲಿ ಬಿಸಿ ಅಂದಿದ್ದೆ? ನೀನು ಅವರಿಗೆ ಕಳಿಸಿದ್ದರ ನಕಲು ನನಗೆ ಬೇಕು. ಮೇಲ್ಮನವಿ ಅಲ್ಲಿಯವರೆಗೆ ನಿಲ್ಲಿಸು.


೨೩ ಆಗಸ್ಟ್

ಅತ್ತಿಗೆ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕೆಲಸದ ಒತ್ತಡ ಎಂದು ಬರೆಯಲು ಹೊರಟು, ಹೊಡೆದುಹಾಕಿದೆ. ಹೌದು, ಅವನು ಫೋನ್ ಮಾಡುತ್ತಿದ್ದ. ಮೊದಲ ಸಲ ಮಾಡಿದ್ದು ನಿಮ್ಮ ಮೊದಲ ಕಾಗದ ನನಗೆ ತಲುಪುವ ಮೊದಲೇ. "ಅತ್ತೆ, ಅಮ್ಮನಿಗೆ ಮುಂಚಿನಷ್ಟು ಗಮನ ಇಲ್ಲ. ಕಂಪನಿ ಜೊತೆ ನೀವು ಜಾಸ್ತಿ ಎಳೀಬೇಡಿ, ಅವ್ರು ಇಲ್ಲ ಅಂದ್ರೆ ಅಮ್ಮ ತಾನಾಗೇ ಬಿಟ್ಟುಬಿಡ್ತಾಳೆ" ಎಂದ. ನಾನು ಒಪ್ಪಲಿಲ್ಲ, ದೂರು ಕೊಟ್ಟೆ. ಆದರೆ ಅವನು ಹೀಗೆ ಹೇಳಿದನೆಂದು ನಿಮಗೆ ತಿಳಿಸಲೂ ಇಲ್ಲ. ಮನೆಯೊಳಗೆ ಕಡ್ಡಿ ಆಡಿಸಿದಂತಾಗುತ್ತದೆ ಎಂದುಕೊಂಡೆ. ಇಸ್ತ್ರಿಪೆಟ್ಟಿಗೆಯ ವಿಷಯ ಅವನು ಹೇಳಿರಲಿಲ್ಲ.

ನಕಲು ಇದರೊಂದಿಗಿದೆ. ನಿಮ್ಮ "ಮೈ ಬೆಚ್ಚಗಿತ್ತು" ಎನ್ನುವುದು ನನ್ನ ಇಂಗ್ಲಿಷಿನಲ್ಲಿ "ಬ್ಯಾಟರಿ ಹಾಟ್ ಆಗಿತ್ತು" ಎಂದಾಗಿದೆ. ಅವಸರದಲ್ಲಿ ಬರೆದೆ. ಕನ್ನಡದ ಇಂಥ ಸಣ್ಣ ವ್ಯತ್ಯಾಸಗಳು ನನಗೆ ಚಿಕ್ಕಂದಿನಿಂದಲೂ ಜಾರಿಹೋಗುತ್ತವೆ, ನೀವೇ ಹಾಸ್ಯ ಮಾಡುತ್ತೀರಲ್ಲ. ಕ್ಷಮಿಸಿ.

ನಾದಿನಿ


೨೯ ಆಗಸ್ಟ್

ಕಾನ್ವೆಂಟಮ್ಮ,

ನಕಲು ಓದಿದೆ. ಓದಿ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಬೆಚ್ಚಗೆ ಅಂದರೆ ಬಿಸಿಯಲ್ಲ. ಮಲಗಿ ಎದ್ದ ಮಗುವಿನ ಪಾದ ಬೆಚ್ಚಗಿರುತ್ತದೆ. ಈಗಷ್ಟೇ ಬಿಚ್ಚಿದ ಸ್ವೆಟರು ಬೆಚ್ಚಗಿರುತ್ತದೆ. ದೋಣಿ ಓಡಿಸಿ ತೆಗೆದ ಯಾವ ಬ್ಯಾಟರಿಯೂ ಬೆಚ್ಚಗಿರುತ್ತದೆ. ತಣ್ಣಗಿದ್ದರೇ ನಾನು ಹೆದರುತ್ತಿದ್ದೆ. ಬಿಸಿ ಅಂದರೆ ಮುಟ್ಟಿದ ಕೈ ಹಿಂದೆ ಬರಬೇಕು. ಜ್ವರದ ವಾರ್ಡಿನಲ್ಲಿ ಕೂಸಿನ ಹಣೆ "ಬೆಚ್ಚಗಿದೆ" ಅಂತ ನಾನು ಬರೆದರೆ ಡಾಕ್ಟರು ನಿದ್ದೆ ಮಾಡುತ್ತಿದ್ದರು. "ಬಿಸಿಯಿದೆ" ಅಂತ ಬರೆದರೆ ಚಪ್ಪಲಿ ಹಾಕದೆ ಓಡಿಬರುತ್ತಿದ್ದರು. ನನ್ನ ಸೇವೆಯೆಲ್ಲ ನಡೆದದ್ದು ಆ ಎರಡು ಮಾತಿನ ನಡುವಿನ ಜಾಗದಲ್ಲಿ. ನೀನು ಅದನ್ನು ಒಂದೇ ಏಟಿಗೆ ಒರೆಸಿಹಾಕಿದೆ. ಮೂರು ತಿಂಗಳಿನಿಂದ ನನ್ನ ಮನೆಯಲ್ಲಿ ನಾನು ಕಳ್ಳಿಯ ಹಾಗೆ ಇದ್ದೇನೆ, ನಿನ್ನ ಒಂದು ಪದದಿಂದ.

ಸಾಕು. ಕ್ಷಮೆ ಆಮೇಲೆ ನೋಡೋಣ. ಈಗ ಹೇಳಿದಷ್ಟು ಮಾಡು. ನಿನ್ನ ಎರಡು ಪುಟದ ಸಿಟ್ಟನ್ನು ಹರಿದುಹಾಕು. ನಾಲ್ಕು ಸಾಲು ಬರೆ. ಆ ಪದ ತಪ್ಪು, ಅನುವಾದ ಮಾಡಿದವಳ ತಪ್ಪು, ಸರಿಯಾದ ಪದ ಇದು ಅಂತ. ಆಮೇಲೆ ಬ್ಯಾಟರಿಯ ಹೊಟ್ಟೆಯ ಮೇಲೆ ಅಚ್ಚಾಗಿರುವ ನಂಬರು ಕೊಡು, ಫೋಟೊದಲ್ಲಿದೆ. ಇದೇ ನಂಬರಿನ ಬೇರೆ ಬ್ಯಾಟರಿಗಳೂ ಉಬ್ಬಿವೆಯಾ ಅಂತ ಒಂದೇ ಒಂದು ಪ್ರಶ್ನೆ ಕೇಳು. ಒಂದು ಇಂಜೆಕ್ಷನ್ನಿಗೆ ರೋಗಿ ನಡುಗಿದರೆ ನಾವು ಮೊದಲು ನೋಡುವುದು ಬಾಟಲಿಯ ಬ್ಯಾಚ್ ನಂಬರು, ರೋಗಿಯ ವಯಸ್ಸನ್ನಲ್ಲ.

ಅತ್ತಿಗೆ


೨೮ ಸೆಪ್ಟೆಂಬರ್

ಅತ್ತಿಗೆ, ಅತ್ತಿಗೆ, ಅತ್ತಿಗೆ!

ಗೆದ್ದೆವು! ನಿಮ್ಮ ನಾಲ್ಕು ಸಾಲು ಕಳಿಸಿದೆ. ವಾರಗಟ್ಟಲೆ ಉಸಿರಿಲ್ಲ. ನಿನ್ನೆ ಉತ್ತರ ಬಂತು. ಈ ಸಲ ಬರೆದಿದ್ದು ಯಂತ್ರವಲ್ಲ, ಯಾರೋ ಮನುಷ್ಯರು. ಆ ನಂಬರಿನ ಬ್ಯಾಟರಿಗಳ ಬಗ್ಗೆ ಇನ್ನೂ ಹಲವರಿಂದ ದೂರು ಬಂದಿದೆಯಂತೆ. ಒಳಗಿನ ಮೂರು ಭಾಗಗಳಲ್ಲಿ ಒಂದರ ಬೆಸುಗೆಯೇ ಕೆಟ್ಟಿತ್ತಂತೆ. ಮಾರಾಟ ನಿಲ್ಲಿಸಿದ್ದಾರೆ. "ಬಳಕೆದಾರರ ಕಡೆಯಿಂದ ಯಾವ ತಪ್ಪೂ ನಡೆದಿಲ್ಲ, ಅವರ ಮುನ್ನೆಚ್ಚರಿಕೆಯಿಂದಲೇ ಹೆಚ್ಚಿನ ಹಾನಿ ತಪ್ಪಿದೆ" ಎಂದು ಬರೆದುಕೊಟ್ಟಿದ್ದಾರೆ. ಎರಡನೆಯ ಬ್ಯಾಟರಿಯನ್ನೂ ಬಳಸಬೇಡಿ ಎಂದಿದ್ದಾರೆ.

ಒಂದು ಕ್ಷಣವೂ ತಡಮಾಡದೆ ಅದನ್ನು ಅಣ್ಣನ ಮಗನಿಗೆ ಕಳಿಸಿದೆ. "ಈಗ ಬೀಗದ ಕೈ ಕೊಡು" ಎಂದು ಮೇಲೊಂದು ಸಾಲು ಸೇರಿಸಿದೆ. ಈ ಕಾಗದ ನಿಮಗೆ ತಲುಪುವ ಹೊತ್ತಿಗೆ ನೀವು ನಿಮ್ಮ ಕೋಣೆಯಲ್ಲಿರುತ್ತೀರಿ. ದೋಣಿಗೆ ಯಾವ ಬಣ್ಣ ಹಚ್ಚುತ್ತಿದ್ದೀರಿ?

ನಿಮ್ಮ ನಾದಿನಿ


೬ ಅಕ್ಟೋಬರ್

ಕಾನ್ವೆಂಟಮ್ಮ,

ಬೀಗದ ಕೈ ಬಂತು. ನೀನು ಕಳಿಸಿದ್ದು ಅವನಿಗೆ ಆಫೀಸಿನಲ್ಲೇ ಸಿಕ್ಕಿತಂತೆ. ಶೂಸೂ ಬಿಚ್ಚದೆ ನೇರ ಅಡುಗೆಮನೆಗೆ ಬಂದ.

"ಸಾರಿ ಅಮ್ಮ. ಅವ್ರೇ ಒಪ್ಕೊಂಡಿದಾರೆ."

"ಅವ್ರು ಒಪ್ಪದೇ ಇದ್ದಿದ್ರೆ?"

"ಈಗ ಒಪ್ಪಿದಾರಲ್ಲ."

"ಒಪ್ಪದೇ ಇದ್ದಿದ್ರೆ ಅಂತ ಕೇಳ್ದೆ."

"ಅಯ್ಯೋ, ಗೆದ್ದ ಮೇಲೂ ಜಗಳನಾ ಅಮ್ಮ?"

ಗೆದ್ದವರು ಯಾರು ಅಂತ ನಾನು ಅವತ್ತಿನಿಂದ ಯೋಚಿಸುತ್ತಿದ್ದೇನೆ. ಅಂಗಡಿಯವರು ನನ್ನದು ತಪ್ಪು ಅಂದಾಗ ನಂಬಿದ. ತಪ್ಪಿಲ್ಲ ಅಂದಾಗಲೂ ನಂಬಿದ. ಎರಡು ಸಲವೂ ನಂಬಿದ್ದು ಅಂಗಡಿಯನ್ನೇ. ಮುಖ ನೋಡದ, ದನಿ ಕೇಳದ ಯಾರೋ ಒಬ್ಬರು ಎಲ್ಲೋ ಕೂತು ಎರಡು ಸಾಲು ಬರೆದರೆ ನಾನು ಹುಷಾರಿನವಳು, ಬರೆಯದಿದ್ದರೆ ಅಲ್ಲ. ಅವನಿಗೆ ಹಾಲೂಡಿಸಿದ್ದು, ಜ್ವರ ಬಂದಾಗ ನಿದ್ದೆಗೆಟ್ಟಿದ್ದು, ಅವನ ಮಗಳ ಕಿವಿಯಿಂದ ಕಡಲೆಬೀಜ ತೆಗೆದದ್ದು, ಯಾವುದೂ ಲೆಕ್ಕಕ್ಕಿಲ್ಲ. ನನ್ನ ಗುಣಕ್ಕೆ ವಾರಂಟಿ ಚೀಟಿ ಬೇಕಾಯಿತು.

ಇಷ್ಟನ್ನೂ ಇವತ್ತು ಅವನಿಗೆ ಹೇಳಿದೆ. "ಹೆದರಿಕೆ ಆಗಿತ್ತಮ್ಮ" ಅಂದ. ನಂಬಿದೆ. ನನಗೆ ನಂಬಲು ಯಾರ ಕಾಗದವೂ ಬೇಕಾಗಲಿಲ್ಲ ನೋಡು.

ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡೆ. ಎರಡನೇ ಬ್ಯಾಟರಿ ಇನ್ನೊಂದು ಕುಂಡದಲ್ಲಿ ಮರಳಿನಡಿ ಇದೆ. ಡಬ್ಬದಲ್ಲಿದ್ದ ಬಣ್ಣ ಗಟ್ಟಿಯಾಗಿ ಕಲ್ಲಾಗಿದೆ. ಹೊರಗೆ ಬಾಗಿಲು ತಟ್ಟುತ್ತಾ "ಕಾಫಿ ಆರ್ತಿದೆ ಅಮ್ಮ" ಅನ್ನುತ್ತಿದ್ದಾನೆ. ಆರಲಿ.

ನಿನಗೂ ಒಂದು ಪ್ರಶ್ನೆ. ಕೋಪದಲ್ಲಿ ಕೇಳುತ್ತಿಲ್ಲ, ಅಥವಾ ಪೂರ್ತಿ ಕೋಪದಲ್ಲಲ್ಲ. ನೀನು ನನ್ನ ಪರವಾಗಿ ಯಾರೂ ಹೊಡೆದಾಡದಷ್ಟು ಹೊಡೆದಾಡಿದೆ. ಆದರೆ ನೀನು ನನ್ನನ್ನು ನಂಬಿದ್ದು ಯಾವಾಗ? ಅವರ ಕಾಗದ ಬರುವ ಮೊದಲೋ, ಬಂದ ಮೇಲೋ?

ಅತ್ತಿಗೆ


೧೦ ಅಕ್ಟೋಬರ್

ಅತ್ತಿಗೆ,

ಮೂರು ಸಲ ಬರೆದು ಹರಿದೆ. ಮೂರರಲ್ಲೂ ವಾಕ್ಯಗಳು ಚೆನ್ನಾಗಿದ್ದವು. ಅದಕ್ಕೇ ಹರಿದೆ.

ಕಾಗದ ಬಂದ ಮೇಲೆ.

ಅವನ ಮೊದಲ ಫೋನಿನಿಂದಲೇ ನಿಮ್ಮದೇ ಏನೋ ಎಡವಟ್ಟಾಗಿರಬೇಕು ಎಂದುಕೊಂಡಿದ್ದೆ. ಹಾಗೆ ಅಂದುಕೊಂಡೇ ನಿಮ್ಮ ಪರವಾಗಿ ಬರೆಯುತ್ತಿದ್ದೆ. ಕಂಪನಿಯ ಮೇಲೆ ಸಿಟ್ಟಾಗುವುದು ಸುಲಭವಾಗಿತ್ತು. ಅವರನ್ನು ಬೈದಷ್ಟೂ ನಾನು ನಿಮ್ಮನ್ನು ನಂಬುತ್ತಿದ್ದೇನೆಯೇ ಎಂದು ಕೇಳಿಕೊಳ್ಳುವ ಕೆಲಸ ತಪ್ಪುತ್ತಿತ್ತು. ನಿಮ್ಮ ಮೂರು ಸಾಲು ಓದುವಾಗ ನನ್ನ ಕಣ್ಣ ಮುಂದೆ ಆಗಲೇ ಮಸಿ ಹಿಡಿದ ಪರದೆ ಇತ್ತು, ಹೊಗೆ ಇತ್ತು, ವಯಸ್ಸಾದ ಹೆಂಗಸೊಬ್ಬಳಿದ್ದಳು.

ಕನ್ನಡ ಜಾರಿತು ಎಂದು ಬರೆದಿದ್ದೆನಲ್ಲ, ಅದು ನಿಜವಲ್ಲ. ಬೆಚ್ಚಗೆ ಎಂದರೆ ಏನೆಂದು ನನಗೆ ಗೊತ್ತು, ಅತ್ತಿಗೆ. ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದೂ ಗೊತ್ತಿತ್ತು.

ನಿಮ್ಮ ನಾದಿನಿ